ಊರಿನ ಸರ್ಕಾರಿ ಶಾಲೆಗಳು ರಾಜ್ಯದ ಎದುರು ಎಲ್ಲಿವೆ? ನೀವೇ ಲೆಕ್ಕ ಹಾಕುವ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲೆಗಳ ಪಟ್ಟಿಯೊಂದು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಮೇಲೆ ಉಡುಪಿ, ದಕ್ಷಿಣ ಕನ್ನಡ. ತಳದಲ್ಲಿ ಯಾದಗಿರಿ, ಕಲಬುರಗಿ. 2024ರಲ್ಲಿ ಉಡುಪಿಗೆ ಶೇ 94, ಯಾದಗಿರಿಗೆ ಶೇ 50.59, ಇಡೀ ರಾಜ್ಯಕ್ಕೆ ಶೇ 73.40. ಇಷ್ಟನ್ನು ನೋಡಿ ನಮ್ಮ ಶಾಲೆಗಳ ಮೇಲೆ ತೀರ್ಪು ಕೊಡುವವರು ಬಹಳ ಮಂದಿ. ಮೇಷ್ಟ್ರು ಕಲಿಸುವುದಿಲ್ಲ ಎಂದು ಒಬ್ಬರು, ತಂದೆತಾಯಿಗೆ ಕಾಳಜಿಯಿಲ್ಲ ಎಂದು ಇನ್ನೊಬ್ಬರು. ಎರಡು ದಿನ ಕಳೆದರೆ ಎಲ್ಲರಿಗೂ ಮರೆತಿರುತ್ತದೆ, ಬರುವ ಮೇ ತಿಂಗಳವರೆಗೆ.

ಹೋಲಿಕೆ ಮಾಡಬಾರದು ಎಂದು ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ ಅದು ನಮ್ಮ ಮಕ್ಕಳ ಪರವಾಗಿ ನಿಲ್ಲುವ ಸಾಕ್ಷಿಯಾಗುತ್ತದೆ. ಈ ಬರಹ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ, ಓದು ಮುಗಿಸಿ ಊರಲ್ಲೇ ಇರುವ ತರುಣ ತರುಣಿಯರಿಗೆ. ಬೇಕಾದದ್ದು ಒಂದು ನೋಟ್‌ಬುಕ್ಕು, ಇಂಟರ್ನೆಟ್ ಇರುವ ಫೋನು, ಬಿಡುವು ಸಿಕ್ಕಾಗಲೆಲ್ಲ ಸೇರಿಸಿ ಒಂದು ತಿಂಗಳಷ್ಟು ಸಮಯ. ಉದಾಹರಣೆಗೆ ಯಾದಗಿರಿಯನ್ನು ಇಟ್ಟುಕೊಂಡಿದ್ದೇನೆ. ನಿಮ್ಮದು ಬಾಗೇಪಲ್ಲಿಯಾಗಲಿ, ಹನೂರಾಗಲಿ, ಜೊಯಿಡಾ ಆಗಲಿ, ಹಾದಿ ಒಂದೇ.

1. ಮೊದಲು ನಿಮ್ಮ ಎಲ್ಲೆ ಗುರುತಿಸಿ

ಕಂದಾಯ ಇಲಾಖೆಯ ತಾಲ್ಲೂಕು, ಶಿಕ್ಷಣ ಇಲಾಖೆಯ ವಲಯ ಎರಡೂ ಒಂದೇ ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ. ಯಾದಗಿರಿ ಜಿಲ್ಲೆಯಲ್ಲಿ ಹಿಂದೆ ಇದ್ದದ್ದು ಮೂರು ತಾಲ್ಲೂಕು: ಯಾದಗಿರಿ, ಶಹಾಪುರ, ಸುರಪುರ. ಆಮೇಲೆ ಗುರುಮಠಕಲ್, ಹುಣಸಗಿ, ವಡಗೇರಾ ಸೇರಿಕೊಂಡವು. ಹೊಸ ತಾಲ್ಲೂಕಾದ ಕಡೆಯೆಲ್ಲ ಹೊಸ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಬಂದಿರುವುದಿಲ್ಲ. ನಿಮ್ಮ ಶಾಲೆಯ ಸಂಬಳದ ಬಿಲ್ಲು ಯಾವ ಬಿಇಒ ಕಚೇರಿಯಿಂದ ಆಗುತ್ತದೆ ಎಂದು ಮುಖ್ಯಗುರುಗಳನ್ನು ಕೇಳಿ. ಅದೇ ನಿಮ್ಮ ವಲಯ. ಜಿಲ್ಲೆಯ ಮಟ್ಟದಲ್ಲೂ ಹೀಗೆಯೇ. ರಾಜ್ಯದಲ್ಲಿ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಚಿಕ್ಕೋಡಿ, ಶಿರಸಿ, ಮಧುಗಿರಿಗಳ ಫಲಿತಾಂಶ ಬೇರೆಯಾಗಿಯೇ ಬರುತ್ತದೆ.

ಜೊತೆಗೆ ಪ್ರತಿ ಶಾಲೆಯ ಯುಡೈಸ್ ಸಂಖ್ಯೆ, ಅಂದರೆ ಕೇಂದ್ರದ ಶಾಲಾ ಮಾಹಿತಿ ವ್ಯವಸ್ಥೆಯಲ್ಲಿ ಆ ಶಾಲೆಯ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಹನ್ನೊಂದು ಅಂಕಿಯ ಸಂಖ್ಯೆ ಅದು. ಮೊದಲ ಎರಡು ರಾಜ್ಯಕ್ಕೆ (ಕರ್ನಾಟಕಕ್ಕೆ 29), ಮುಂದಿನ ಎರಡು ಜಿಲ್ಲೆಗೆ, ಇನ್ನೆರಡು ವಲಯಕ್ಕೆ, ಮೂರು ಊರಿಗೆ, ಕೊನೆಯ ಎರಡು ಶಾಲೆಗೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿದರೆ ಶಾಲೆಯ ವರದಿ ಪತ್ರ ತೆರೆದುಕೊಳ್ಳುತ್ತದೆ: ತರಗತಿವಾರು ಮಕ್ಕಳು, ಶಿಕ್ಷಕರು, ಕೊಠಡಿಗಳು, ನೀರು, ಶೌಚಾಲಯ. ನೋಡುವುದಕ್ಕೆ ಯಾರ ಅನುಮತಿಯೂ ಬೇಡ.

2. ಎಸ್ಸೆಸ್ಸೆಲ್ಸಿ ಶೇಕಡಾವಾರನ್ನು ಬಿಚ್ಚಿ ನೋಡಿ

ಇಲ್ಲಿ ಅವಸರ ಬೇಡ. ಎಲ್ಲರೂ ಹಿಡಿದುಕೊಳ್ಳುವುದು ಈ ಒಂದೇ ಅಂಕಿಯನ್ನು, ಎಲ್ಲರೂ ಜಾರಿ ಬೀಳುವುದೂ ಇದರ ಮೇಲೆಯೇ.

ಮೊದಲ ಪ್ರಶ್ನೆ: ಯಾರನ್ನು ಎಣಿಸಿದ್ದಾರೆ? 2025ರ ಪರೀಕ್ಷೆ-1ಕ್ಕೆ ರಾಜ್ಯದಲ್ಲಿ ಕುಳಿತವರು 8,42,173, ಪಾಸಾದವರು 5,24,984. ಭಾಗಿಸಿದರೆ ಶೇ 62.34. ಆದರೆ ಅದೇ ದಿನ ಶೇ 66.14 ಎಂಬ ಅಂಕಿಯೂ ಓಡಾಡಿತು. ಅದು ಶಾಲೆಯಿಂದ ಮೊದಲ ಸಲ ಪರೀಕ್ಷೆಗೆ ಕುಳಿತ ಮಕ್ಕಳದ್ದು, 62.34ರಲ್ಲಿ ಮರುಪರೀಕ್ಷೆಯವರು, ಖಾಸಗಿ ಅಭ್ಯರ್ಥಿಗಳು ಎಲ್ಲ ಸೇರಿದ್ದಾರೆ. ನಿಮ್ಮ ಪ್ರೌಢಶಾಲೆಯ ಗೋಡೆಯ ಮೇಲಿರುವ ಫಲಿತಾಂಶ ಸಾಮಾನ್ಯವಾಗಿ ಮೊದಲ ಸಲ ಕುಳಿತವರದ್ದು. ಅದನ್ನು 62.34ರ ಪಕ್ಕ ಇಟ್ಟರೆ ಸುಮ್ಮನೆ ನಾಲ್ಕು ಅಂಶ ಮೇಲೆ ಕಾಣುತ್ತೀರಿ. ಹಾಗೆಯೇ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಮೊದಲನೆಯದೇ ಪರೀಕ್ಷೆ-1. ಪರೀಕ್ಷೆ-1ನ್ನು ಪರೀಕ್ಷೆ-1ರ ಜೊತೆಗೇ ಇಡಬೇಕು.

ಎರಡನೆಯ ಪ್ರಶ್ನೆ: ಆ ವರ್ಷ ಪರೀಕ್ಷೆ ಹೇಗೆ ನಡೆಯಿತು? 2023ರಲ್ಲಿ ಚಿತ್ರದುರ್ಗ ಶೇ 96.80 ಪಡೆದು ರಾಜ್ಯಕ್ಕೇ ಮೊದಲು. ಮರುವರ್ಷ ಅದೇ ಜಿಲ್ಲೆ 21ನೇ ಸ್ಥಾನಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳ ಬುದ್ಧಿಯೂ ಮೇಷ್ಟ್ರುಗಳ ಕೈಗುಣವೂ ಹಾಗೆ ಬದಲಾಗುವುದಿಲ್ಲ. ಬದಲಾದದ್ದು ಕೊಠಡಿಯ ಕಾವಲು. 2024ರಲ್ಲಿ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು, ನಕಲಿಗೆ ದಾರಿ ಮುಚ್ಚಿತು. ಫಲಿತಾಂಶ ತೀರಾ ಕುಸಿದದ್ದರಿಂದ ಆ ವರ್ಷ ಮಾತ್ರ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಅಷ್ಟು ಮಾಡಿಯೂ ರಾಜ್ಯದ ಅಂಕಿ 83.89ರಿಂದ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ. 2025-26ರಿಂದ ಉತ್ತೀರ್ಣಕ್ಕೆ ಬೇಕಾದ ಅಂಕವೇ ಶೇ 35ರಿಂದ 33ಕ್ಕೆ ಇಳಿದಿದೆ. ಅಳತೆಗೋಲು ವರ್ಷವರ್ಷ ಉದ್ದಗಿಡ್ಡ ಆಗುತ್ತಿರುವಾಗ ‘ಹೋದ ವರ್ಷಕ್ಕಿಂತ ಹತ್ತು ಅಂಶ ಮೇಲೇರಿದೆವು’ ಎಂಬ ಮಾತಿಗೆ ಬೆಲೆಯಿಲ್ಲ.

ಆದ್ದರಿಂದ ನಿಮ್ಮ ಅಂಕಿಯನ್ನು ಬರೆಯಬೇಡಿ, ಆಯಾ ವರ್ಷದ ರಾಜ್ಯದ ಅಂಕಿಗೂ ನಿಮ್ಮದಕ್ಕೂ ಇರುವ ಅಂತರವನ್ನು ಬರೆಯಿರಿ. ಯಾದಗಿರಿಯದು ನೋಡಿ. 2023ರಲ್ಲಿ ಶೇ 75.49, ರಾಜ್ಯಕ್ಕಿಂತ 8.40 ಅಂಶ ಕೆಳಗೆ. 2024ರಲ್ಲಿ 22.81 ಅಂಶ ಕೆಳಗೆ. ಅಂತರ ಎರಡೂವರೆ ಪಟ್ಟಿಗೂ ಮೀರಿ ಹಿಗ್ಗಿತು. ನನ್ನ ಮಟ್ಟಿಗೆ 2024ರ ಅಂತರವೇ ಹೆಚ್ಚು ಪ್ರಾಮಾಣಿಕ. ಮೊದಲಿನ ಎಂಟು ಅಂಶ ನಮ್ಮ ಮಕ್ಕಳಿಗೆ ಆಗಿದ್ದ ನಷ್ಟವನ್ನು ಮುಚ್ಚಿಟ್ಟಿತ್ತು. ಜಿಲ್ಲೆ ಕೊನೆಗೆ ಬಂತು ಎಂದು ನೊಂದುಕೊಂಡವರು ಇದನ್ನೂ ಯೋಚಿಸಬೇಕು: ಕಾಣದ ಗಾಯಕ್ಕೆ ಮದ್ದು ಕೇಳಲು ಬರುವುದಿಲ್ಲ.

ಮೂರನೆಯದು ಸಣ್ಣ ಶಾಲೆಗಳ ಕಷ್ಟ. ಹತ್ತನೇ ತರಗತಿಯಲ್ಲಿ 14 ಮಕ್ಕಳಿದ್ದರೆ ಒಬ್ಬ ಹುಡುಗ ಜ್ವರದಿಂದ ಒಂದು ಪೇಪರು ತಪ್ಪಿಸಿಕೊಂಡರೂ ಫಲಿತಾಂಶ ಏಳು ಅಂಶ ಬಿತ್ತು. ಅಂಥ ಶಾಲೆಯನ್ನು ಒಂಟಿಯಾಗಿ ರಾಜ್ಯದ ಜೊತೆ ತೂಗುವುದು ಅನ್ಯಾಯ. ಕ್ಲಸ್ಟರಿನ (ಇಲಾಖೆ ಮಾಡಿರುವ ಅಕ್ಕಪಕ್ಕದ ಶಾಲೆಗಳ ಗುಂಪಿನ) ಶಾಲೆಗಳನ್ನೆಲ್ಲ ಸೇರಿಸಿ, ಇಲ್ಲವೇ ಮೂರು ವರ್ಷದ ಅಂತರಗಳನ್ನು ಒಟ್ಟಿಗೆ ನೋಡಿ.

3. ಸರ್ಕಾರಿಯನ್ನು ಸರ್ಕಾರಿಯ ಜೊತೆಗೇ ಇಡಿ

ರಾಜ್ಯದ ಸರಾಸರಿಯೊಳಗೆ ಬೆಂಗಳೂರಿನ ದುಬಾರಿ ಖಾಸಗಿ ಶಾಲೆಗಳೂ ಇವೆ. ಪರೀಕ್ಷಾ ಮಂಡಳಿ ಬಿಡುಗಡೆ ಮಾಡುವ ಪಟ್ಟಿಯಲ್ಲಿ ಸರ್ಕಾರಿ, ಅನುದಾನಿತ, ಅನುದಾನರಹಿತ ಎಂದು ಬೇರೆ ಬೇರೆ ಸಾಲುಗಳಿರುತ್ತವೆ; ಹುಡುಗ ಹುಡುಗಿಯರದು, ಮಾಧ್ಯಮದ್ದು, ನಗರ ಗ್ರಾಮೀಣದ್ದು ಕೂಡ. ಪತ್ರಿಕೆಗಳ ಮುಖಪುಟದಲ್ಲಿ ಈ ಸಾಲುಗಳು ಬರುವುದು ಕಡಿಮೆ, ಹುಡುಕಬೇಕು. ನಿಮ್ಮ ವಲಯದ ಸರ್ಕಾರಿ ಶಾಲೆಗಳನ್ನು ರಾಜ್ಯದ ಸರ್ಕಾರಿ ಶಾಲೆಗಳ ಸಾಲಿನ ಪಕ್ಕ ಬರೆದುಕೊಳ್ಳಿ.

ನಗರ ಗ್ರಾಮೀಣ ಸಾಲು ಒಂದು ಹಳೆಯ ನಂಬಿಕೆಯನ್ನೂ ಅಲ್ಲಾಡಿಸುತ್ತದೆ. 2024ರಲ್ಲಿ ರಾಜ್ಯದ ಗ್ರಾಮೀಣ ಮಕ್ಕಳ ಫಲಿತಾಂಶ ನಗರದವರಿಗಿಂತ ತುಸು ಮೇಲೇ ಇತ್ತು. ಹಳ್ಳಿ ಎಂಬ ಕಾರಣಕ್ಕೆ ಹಿಂದುಳಿದೆವು ಎನ್ನುವ ಮಾತು ಇಲ್ಲಿಗೆ ಮುಗಿಯಿತು. ಕುಂದಾಪುರದ ಹಳ್ಳಿಯೂ ಹಳ್ಳಿಯೇ, ಸುರಪುರದ ಹಳ್ಳಿಯೂ ಹಳ್ಳಿಯೇ. ಇವೆರಡರ ನಡುವೆ ಏನೇನು ಬೇರೆ ಎಂದು ಹುಡುಕುವುದೇ ಮುಂದಿನ ಕೆಲಸ.

4. ಹತ್ತನೇ ತರಗತಿಯಿಂದಲ್ಲ, ಒಂದನೇ ತರಗತಿಯಿಂದ ಎಣಿಸಿ

ಇಡೀ ಬರಹದಲ್ಲಿ ಒಂದನ್ನೇ ಮಾಡುವ ಶಕ್ತಿ ನಿಮಗಿದ್ದರೆ ಇದನ್ನು ಮಾಡಿ.

ಫಲಿತಾಂಶದಲ್ಲಿ ಕಾಣುವುದು ಹತ್ತನೇ ತರಗತಿಯವರೆಗೆ ಬಂದ ಮಕ್ಕಳು. ನಡುವೆ ಬಿಟ್ಟವರು ಯಾವ ಶೇಕಡಾವಾರಿನಲ್ಲೂ ಇಲ್ಲ. ಶಾಲೆಯ ದಾಖಲಾತಿ ಪುಸ್ತಕ ತೆರೆಸಿ, ಹತ್ತು ವರ್ಷದ ಹಿಂದೆ ಒಂದನೇ ತರಗತಿಗೆ ಸೇರಿದವರ ಹೆಸರುಗಳನ್ನು ಬರೆದುಕೊಳ್ಳಿ. ಒಂದೊಂದು ಹೆಸರಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಹತ್ತನೇ ತರಗತಿ ಮುಟ್ಟಿದರು, ಟಿಸಿ ತೆಗೆದುಕೊಂಡು ಬೇರೆ ಶಾಲೆಗೆ ಹೋದರು, ಎಲ್ಲಿದ್ದಾರೋ ಶಾಲೆಗೆ ಗೊತ್ತಿಲ್ಲ. ಮಗುವಿಗೆ ಎಸ್‌ಎಟಿಎಸ್ ಸಂಖ್ಯೆ (ಇಲಾಖೆಯ ತಂತ್ರಾಂಶದಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಇದ್ದರೆ ಬೇರೆ ಕಡೆ ಸೇರಿದ್ದನ್ನು ಮುಖ್ಯಗುರುಗಳು ತಂತ್ರಾಂಶದಲ್ಲಿ ನೋಡಿ ಹೇಳಬಲ್ಲರು. ಉಳಿದದ್ದಕ್ಕೆ ಓಣಿಯಲ್ಲಿ ವಿಚಾರಿಸಬೇಕು. ಯಾರು ಎಲ್ಲಿದ್ದಾರೆ ಎಂಬುದು ಕಂಪ್ಯೂಟರಿಗಿಂತ ಊರಿನ ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಲೆಕ್ಕಕ್ಕಾಗಿ ಒಂದು ಕಲ್ಪನೆಯ ಊರು. ಒಂದನೇ ತರಗತಿಗೆ ಸೇರಿದವರು 60. ಹತ್ತನೇ ತರಗತಿ ಪರೀಕ್ಷೆ ಬರೆದವರು 34. ಪಾಸಾದವರು 24. ಶಾಲೆಯ ಫಲಿತಾಂಶ ಶೇ 70.6, ರಾಜ್ಯಕ್ಕೆ ಸರಿಸಮ, ಬೆನ್ನು ತಟ್ಟಿ ಹೂಮಾಲೆ ಹಾಕಬಹುದು. ಆದರೆ ಸೇರಿದ 60ರ ಲೆಕ್ಕದಲ್ಲಿ 24 ಅಂದರೆ ಶೇ 40. ಟಿಸಿ ಪಡೆದು ಹೋದವರು 10 ಮಂದಿ ಎಂದು ಅವರನ್ನು ತೆಗೆದರೂ 50ಕ್ಕೆ 24, ಶೇ 48. ಕಾಣೆಯಾದ ಆ 16 ಮಕ್ಕಳೇ ನಿಮ್ಮ ವಲಯದ ನಿಜವಾದ ಸುದ್ದಿ. ಹುಡುಗಿಯರೆಷ್ಟು, ಯಾವ ತರಗತಿಯಲ್ಲಿ ಬಿಟ್ಟರು ಎಂದು ಬೇರೆ ಮಾಡಿ. ಏಳು ಮುಗಿಸಿ ಎಂಟಕ್ಕೆ ಪಕ್ಕದ ಊರಿಗೆ ನಡೆಯಬೇಕಾದಲ್ಲಿ ಹುಡುಗಿಯರ ಹೆಸರು ನಿಂತಿದ್ದರೆ ಅದು ಮೇಷ್ಟ್ರು ಪಾಠ ಮಾಡಿದರೋ ಇಲ್ಲವೋ ಎಂಬ ಪ್ರಶ್ನೆಯಲ್ಲ. ಬಸ್ಸಿನ ಪ್ರಶ್ನೆ.

5. ಡಿಸೆಂಬರಿನಲ್ಲಿ ಹಾಜರಾತಿ ನೋಡಿ

ಯುಡೈಸ್ ಮಾಹಿತಿಗೆ ಆಧಾರ ದಿನ ಸೆಪ್ಟೆಂಬರ್ 30. ನಮ್ಮ ಕಡೆ ಆ ದಿನ ಹತ್ತಿ ಇನ್ನೂ ಗಿಡದ ಮೇಲಿರುತ್ತದೆ. ಹತ್ತಿ ಬಿಡಿಸುವುದು ಶುರುವಾದ ಮೇಲೆ, ಅದು ಮುಗಿದು ಮನೆಮಂದಿ ಬೆಂಗಳೂರಿಗೋ ಪುಣೆಗೋ ಗುಳೆ ಹೊರಟ ಮೇಲೆ, ಅದೇ ತರಗತಿಯಲ್ಲಿ ಬೆಂಚುಗಳು ಖಾಲಿ. ಕಾಗದದ ಮೇಲೆ ಮಾತ್ರ ದಾಖಲಾತಿ ತುಂಬಿರುತ್ತದೆ. ಆಗಸ್ಟ್, ಡಿಸೆಂಬರ್, ಫೆಬ್ರುವರಿ, ಮೂರು ತಿಂಗಳಲ್ಲಿ ಒಂದೊಂದು ಮಂಗಳವಾರ ಶಾಲೆಗೆ ಹೋಗಿ ಬಂದಿರುವ ಮಕ್ಕಳನ್ನು ಎಣಿಸಿ. ಬಿಸಿಯೂಟದ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಈ ಅಂಕಿಗೆ ಜೋಡಿಯಾಗಿ ರಾಜ್ಯದ ಅಂಕಿ ಸಿಗುವುದಿಲ್ಲ, ಆದರೂ ಬೇಕು. ಗುಳೆ ಹೋಗದ ಜಿಲ್ಲೆಯ ಮಗು ಪೂರ್ತಿ ವರ್ಷ ಕಲಿತು ಬರೆಯುವ ಪರೀಕ್ಷೆಯನ್ನು ನಮ್ಮ ಮಗು ಅರ್ಧ ವರ್ಷ ಕಲಿತು ಬರೆಯುತ್ತಿದೆ ಎಂದು ತೋರಿಸುವ ದಾಖಲೆ ಬೇರೆ ಎಲ್ಲೂ ಇಲ್ಲ.

6. ಶಿಕ್ಷಕರು: ಸರಾಸರಿಯನ್ನು ನಂಬಬೇಡಿ

ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ ಒಂದರಿಂದ ಐದನೇ ತರಗತಿಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು. ವಲಯದ ಸರಾಸರಿ ತೆಗೆದರೆ ಎಲ್ಲ ಸರಿ ಇದ್ದಂತೆ ಕಾಣಬಹುದು. ಮತ್ತೆ ಕಲ್ಪನೆಯ ಮೂರು ಕಿರಿಯ ಪ್ರಾಥಮಿಕ ಶಾಲೆಗಳು: ಒಂದರಲ್ಲಿ 12 ಮಕ್ಕಳು 2 ಶಿಕ್ಷಕರು, ಇನ್ನೊಂದರಲ್ಲಿ 16 ಮಕ್ಕಳು 2 ಶಿಕ್ಷಕರು, ಮೂರನೆಯದರಲ್ಲಿ 212 ಮಕ್ಕಳು 4 ಶಿಕ್ಷಕರು. ಒಟ್ಟು 240 ಮಕ್ಕಳು, 8 ಶಿಕ್ಷಕರು, ಸರಾಸರಿ 30. ಕಾನೂನು ಪಾಲನೆಯಾಯಿತು! ಮೂರನೆಯ ಶಾಲೆಯಲ್ಲಿ ಮಾತ್ರ ಒಬ್ಬೊಬ್ಬರ ಮುಂದೆ 53 ಮಕ್ಕಳು.

ರಾಜ್ಯದ ಸರಾಸರಿಯೂ ಹೀಗೆಯೇ ಮೋಸ ಮಾಡುತ್ತದೆ. ಮಲೆನಾಡಿನಲ್ಲಿ ಕಾಡಿನ ನಡುವಿನ ಮನೆಗಳಿಗಾಗಿ ಇರುವ, ಹತ್ತು ಹನ್ನೆರಡು ಮಕ್ಕಳ ಶಾಲೆಗಳು ಅದನ್ನು ಕೆಳಗೆ ಎಳೆಯುತ್ತವೆ. ಆ ಶಾಲೆಗಳು ಬೇಕೇ ಬೇಕು. ಆದರೆ ಅವುಗಳ ಕಾರಣಕ್ಕೆ ಬಯಲುಸೀಮೆಯ ದೊಡ್ಡ ಶಾಲೆಯ ಕೊರತೆ ಮರೆಯಾಗಬಾರದು. ಹಾಗಾಗಿ ಸರಾಸರಿ ಬಿಟ್ಟು ಶಾಲೆಗಳನ್ನು ಎಣಿಸಿ: ವಲಯದ ಎಷ್ಟು ಶಾಲೆಗಳಲ್ಲಿ ನಿಯಮಕ್ಕಿಂತ ಕಡಿಮೆ ಶಿಕ್ಷಕರು, ಎಷ್ಟು ಏಕೋಪಾಧ್ಯಾಯ ಶಾಲೆಗಳು, ಎಷ್ಟರಲ್ಲಿ ಕಾಯಂ ಶಿಕ್ಷಕರೇ ಇಲ್ಲದೆ ಅತಿಥಿ ಶಿಕ್ಷಕರಿಂದ ನಡೆಯುತ್ತಿದೆ. ಪ್ರೌಢಶಾಲೆಯಾದರೆ ವಿಷಯವಾರು ನೋಡಿ. ಒಟ್ಟು ಆರು ಮಂದಿ ಇದ್ದೂ ಗಣಿತಕ್ಕೆ ಯಾರೂ ಇಲ್ಲದಿದ್ದರೆ ಆ ಆರರಿಂದ ಗಣಿತ ಬರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಯಾವ ವಿಷಯದಲ್ಲಿ ಹೆಚ್ಚು ಮಕ್ಕಳು ನಪಾಸಾದರು ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಕಟ್ಟಡದ ವಿಷಯ ಬೇಗ ಮುಗಿಸಬಹುದು. ವರದಿ ಪತ್ರದಲ್ಲಿ ಶೌಚಾಲಯ ‘ಇದೆ’ ಎಂದಿರುತ್ತದೆ. ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ.

7. ಓದಲು ಬರುತ್ತದೆಯೇ ಎಂದು ನೀವೇ ಕೇಳಿ

ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆ ಗ್ರಾಮೀಣ ಭಾಗದ್ದೇ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಮನೆಯಲ್ಲೇ ಕೂರಿಸಿ ಮಕ್ಕಳನ್ನು ಓದಿಸುತ್ತಾರೆ. ಆದ್ದರಿಂದ ಆ ದಿನ ಶಾಲೆ ತಪ್ಪಿಸಿದವರೂ, ಖಾಸಗಿ ಶಾಲೆಯವರೂ ಅದರಲ್ಲಿ ಬರುತ್ತಾರೆ. ಕೇಂದ್ರದವರು ಮಾಡುವ ರಾಷ್ಟ್ರೀಯ ಸಮೀಕ್ಷೆ ಶಾಲೆಯೊಳಗೆ ನಡೆಯುತ್ತದೆ. 2024ರ ಡಿಸೆಂಬರ್ 4ರಂದು ಪರಖ್ ಹೆಸರಿನಲ್ಲಿ 3, 6 ಮತ್ತು 9ನೇ ತರಗತಿಗೆ ಆದದ್ದು ಅದು. ಎರಡೂ ಕೆಲವರನ್ನಷ್ಟೇ ಆರಿಸಿ ನೋಡುವ ಮಾದರಿ ಸಮೀಕ್ಷೆಗಳು. ಜಿಲ್ಲೆಯ ಬಗ್ಗೆ ಅಂದಾಜು ಕೊಡುತ್ತವೆ, ನಿಮ್ಮ ವಲಯದ ಬಗ್ಗೆ ಏನೂ ಹೇಳಲಾರವು. ಒಂದರ ಅಂಕಿಯನ್ನು ಇನ್ನೊಂದರ ಜೊತೆ ಕೂಡಿಸಬೇಡಿ.

ಆದರೆ ಅಸರ್ ವಿಧಾನವನ್ನು ನೀವು ಊರಲ್ಲಿ ಬಳಸಬಹುದು. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಸಣ್ಣ ಕಥೆ. ಲೆಕ್ಕಕ್ಕೆ ಅಂಕಿ ಗುರುತಿಸುವುದು, ದಶಕ ಪಡೆದು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಐದನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರಾಗಿ, ಮರದ ನೆರಳಲ್ಲಿ, ಪಕ್ಕದಲ್ಲಿ ಕೂತು ಓದಿಸಿ. ಮಕ್ಕಳ ಎದುರು ಅಂಕ ಹಾಕಬೇಡಿ, ಯಾರಿಗೆ ಬರಲಿಲ್ಲ ಎಂದು ಊರಲ್ಲಿ ಹೇಳಬೇಡಿ. ಎರಡನೇ ತರಗತಿಯ ಕಥೆ ಓದಿದವರು ನೂರಕ್ಕೆ ಎಷ್ಟು ಎಂದು ತೆಗೆದು, ಅಸರ್ ವರದಿಯಲ್ಲಿರುವ ಗ್ರಾಮೀಣ ಕರ್ನಾಟಕದ ಐದನೇ ತರಗತಿಯ ಸಾಲಿನ ಪಕ್ಕ ಬರೆಯಿರಿ. ಹತ್ತನೇ ತರಗತಿಯ ಫಲಿತಾಂಶ ಐದು ವರ್ಷ ತಡವಾಗಿ ಬರುವ ಸುದ್ದಿ. ಇದು ಇಂದಿನದು, ಮದ್ದು ಕೊಡಲು ಇನ್ನೂ ಸಮಯವಿರುವಾಗಲೇ ಸಿಗುವುದು.

ಊರಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳಿದ್ದರೆ ಅವರ ಹೆಸರಿನ ಮುಂದೆ ಮನೆಮಾತನ್ನೂ ಗುರುತಿಸಿ. ತಾಂಡಾದಿಂದ ಬಂದ ಮಗು ಕನ್ನಡವನ್ನು ಕಲಿಯಲು ಶುರುಮಾಡುವುದೇ ಅಂಗನವಾಡಿಯಲ್ಲೋ ಒಂದನೇ ತರಗತಿಯಲ್ಲೋ.

8. ನೆಂಟರಂಥ ತಾಲ್ಲೂಕು ಹುಡುಕಿ

ಪ್ರಾದೇಶಿಕ ಅಸಮಾನತೆಯ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಈ ಬಗೆಯ ಹೋಲಿಕೆಗೆ ಇವತ್ತಿಗೂ ಒಳ್ಳೆಯ ಪಾಠ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, 35 ಸೂಚಕಗಳ ಮೇಲೆ ಆಗಿನ 175 ತಾಲ್ಲೂಕುಗಳನ್ನು ಅಳೆದರು. 114 ತಾಲ್ಲೂಕುಗಳು ಒಂದಕ್ಕಿಂತ ಕೆಳಗೆ ಬಂದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರಲ್ಲಿವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು 51.83. ಆಗ ಅಕ್ಷರ ಬಾರದೆ ಉಳಿದ ಎಷ್ಟೋ ಮಂದಿ ಈಗ ಶಾಲೆಗೆ ಹೋಗುವ ಮಕ್ಕಳ ತಂದೆತಾಯಿ, ಅಜ್ಜ ಅಜ್ಜಿ. ಮನೆಯಲ್ಲಿ ಪಾಠ ಹೇಳಿಕೊಡುವವರು ಇಲ್ಲದ ಮಗುವನ್ನು ಶೇ 60ಕ್ಕೆ ತಂದ ಶಾಲೆಯ ಶ್ರಮ ಬೇರೆ, ಮನೆಪಾಠವಿರುವ ಮಗುವನ್ನು ಶೇ 80ಕ್ಕೆ ತಂದ ಶಾಲೆಯ ಶ್ರಮ ಬೇರೆ.

ಹಾಗಾಗಿ ರಾಜ್ಯದ ಜೊತೆ ಒಂದು ಹೋಲಿಕೆ, ನಿಮ್ಮಂಥದೇ ಇನ್ನೊಂದು ತಾಲ್ಲೂಕಿನ ಜೊತೆ ಎರಡನೆಯದು. ಸುರಪುರದವರು ದೇವದುರ್ಗವನ್ನೋ ಜೇವರ್ಗಿಯನ್ನೋ ನೋಡಲಿ. ರಾಜ್ಯದ ಜೊತೆಗಿನ ಅಂತರ ಸರ್ಕಾರದಿಂದ ಏನು ಬಾಕಿಯಿದೆ ಎಂದು ಹೇಳುತ್ತದೆ. ಸಂವಿಧಾನದ 371ಜೆ ವಿಧಿಯಡಿ ವಿಶೇಷ ಸ್ಥಾನಮಾನ ಪಡೆದ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರು ಅದನ್ನು ಕೇಳುವ ಹಕ್ಕನ್ನೂ ಪಡೆದಿದ್ದಾರೆ. ನೆರೆಯ ತಾಲ್ಲೂಕಿನ ಜೊತೆಗಿನ ಅಂತರ ನಾವೇ ಏನು ಮಾಡಬಹುದಿತ್ತು ಎಂದು ಹೇಳುತ್ತದೆ. ಅದೇ ಬಿಸಿಲು, ಅದೇ ಹತ್ತಿ, ಅದೇ ಗುಳೆ ಇದ್ದೂ ಅಲ್ಲಿನ ಒಂದು ಕ್ಲಸ್ಟರ್ ಮುಂದಿದ್ದರೆ ಬಸ್ಸು ಹತ್ತಿ ಹೋಗಿ ಅಲ್ಲಿಯ ಮುಖ್ಯಗುರುಗಳ ಜೊತೆ ಒಂದು ಗಂಟೆ ಕೂತು ಬನ್ನಿ.

9. ಒಂದು ಹಾಳೆಗೆ ಇಳಿಸಿ, ಕೇಳಬೇಕಾದಲ್ಲಿ ಕೇಳಿ

ಸಿಗದ ಅಂಕಿಗಳಿಗೆ ಬಿಇಒ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ‘ಶಾಲೆಗಳ ಸಮಗ್ರ ಮಾಹಿತಿ ಕೊಡಿ’ ಎಂದು ಬರೆದರೆ ಅರ್ಜಿ ತಿರುಗಿ ಬರುತ್ತದೆ. ‘ವಲಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಷಯವಾರು ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಶಾಲಾವಾರು ಪಟ್ಟಿ’ ಎಂದು ಕೇಳಿ.

ಹಾಳೆಯಲ್ಲಿ ಐದೇ ಸಾಲು ಸಾಕು: ಮೂರು ವರ್ಷದ ಫಲಿತಾಂಶದ ಅಂತರ, ಒಂದರಿಂದ ಹತ್ತರವರೆಗೆ ಉಳಿದವರು, ಡಿಸೆಂಬರ್ ಹಾಜರಾತಿ, ಶಿಕ್ಷಕರ ಕೊರತೆಯಿರುವ ಶಾಲೆಗಳ ಸಂಖ್ಯೆ, ಐದನೇ ತರಗತಿಯ ಓದು. ಪ್ರತಿ ಸಾಲಿನಲ್ಲೂ ನಿಮ್ಮದು, ರಾಜ್ಯದ್ದು ಸಿಗುವುದಾದರೆ ಅದು, ಯಾವ ವರ್ಷ, ಎಲ್ಲಿಂದ ತೆಗೆದದ್ದು. ಮಕ್ಕಳ ಹೆಸರು ಹಾಳೆಯಲ್ಲಿ ಬೇಡ, ನೋಟ್‌ಬುಕ್ಕಿನಲ್ಲೇ ಇರಲಿ.

ಮೊದಲ ಪ್ರತಿಯನ್ನು ಮುಖ್ಯಗುರುಗಳಿಗೆ ತೋರಿಸಿ, ಗ್ರಾಮಸಭೆಗೆ ಒಯ್ಯುವ ಮುಂಚೆಯೇ. ತಪ್ಪಿದ್ದರೆ ಅವರು ತಿದ್ದುತ್ತಾರೆ, ಸರಿಯಿದ್ದರೆ ಅವರೇ ನಿಮ್ಮ ಪಕ್ಕ ನಿಲ್ಲುತ್ತಾರೆ. ಗಣಿತ ಶಿಕ್ಷಕರಿಲ್ಲ ಎಂದು ವರ್ಷಗಟ್ಟಲೆ ಪತ್ರ ಬರೆದು ಸುಸ್ತಾದವರು ಅವರೇ ಆಗಿರುತ್ತಾರೆ. ಆಮೇಲೆ ಎಸ್‌ಡಿಎಂಸಿ ಸಭೆ, ಮಕ್ಕಳ ಗ್ರಾಮಸಭೆ, ಗ್ರಾಮಸಭೆ. ಎಲ್ಲ ಕೊರತೆಯನ್ನೂ ಒಂದೇ ಸಲ ಓದಬೇಡಿ. ಬಸ್ಸಾದರೆ ಬಸ್ಸು, ಗಣಿತದ ಹುದ್ದೆಯಾದರೆ ಗಣಿತದ ಹುದ್ದೆ, ಒಂದನ್ನು ಆರಿಸಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಸಹಿ ಹಾಕಿಸಿ, ಅದರ ನಕಲನ್ನು ಬಿಇಒ ಮತ್ತು ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ) ಕಚೇರಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ.